ಅಡುಗೆಮನೆಯ ವಿಮಾನ

ನಲವತ್ತೈದು ದಾಟಿದ ಗಂಡಸರು ನಮ್ಮ ಊರಿನಲ್ಲಿ ಏನೇನೋ ಮಾಡುತ್ತಾರೆ. ಕೆಲವರು ಮೀನು ಹಿಡಿಯಲೆಂದು ದೋಣಿ ಕೊಂಡು ಅದನ್ನು ಅಂಗಳದಲ್ಲೇ ನಿಲ್ಲಿಸುತ್ತಾರೆ. ಕೆಲವರು ಗಡ್ಡ ಬಿಡುತ್ತಾರೆ. ನಮ್ಮ ಚರ್ಚಿನ ಖಜಾಂಚಿ ಜೇನು ಸಾಕಲು ಹೋಗಿ ಬೇಸಿಗೆಯಿಡೀ ಊದಿದ ಮುಖ ಹೊತ್ತು ತಿರುಗಿದ. ಇಂಥ ಅಲ್ಪರ ಸಾಲಿನಲ್ಲಿ ನಿಲ್ಲುವವನು ನಾನಲ್ಲ. ನಾನು ಆಕಾಶವನ್ನೇ ಆರಿಸಿಕೊಂಡೆ.

"ಮಾರ್ಲಿಸ್," ಎಂದೆ ಒಂದು ಭಾನುವಾರ, ಊಟದ ಮೇಜಿನ ಬಳಿ ಎದ್ದು ನಿಂತು, "ಈ ಆರ್ಲನ್ ವೋಲ್ಡ್ ಇನ್ನು ಸ್ಕೂಲ್ ಬಸ್ಸು ಓಡಿಸೋದಿಲ್ಲ. ವಿಮಾನ ಹಾರಿಸ್ತಾನೆ. ಅದೂ ಬೀದಿಬದಿಯ ಪೈಲಟ್ ಅಲ್ಲ, ಪದವೀಧರ ಪೈಲಟ್."

ಮಾರ್ಲಿಸ್ ನನ್ನ ಹೆಂಡತಿ. ಮನೆಯ ಮುಂದಿನ ಕೋಣೆಯಲ್ಲಿ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಇಟ್ಟುಕೊಂಡಿದ್ದಾಳೆ. ಕತ್ತರಿ ಕೈಯಲ್ಲಿಲ್ಲದ ಹೊತ್ತಿನಲ್ಲಿ ಆ ಕೆಲಸವನ್ನು ನಾಲಿಗೆಯಿಂದ ಮುಂದುವರಿಸುತ್ತಾಳೆ.

"ಮೊದಲು ಕೂತ್ಕೊಂಡು ಬಟಾಣಿ ತಿನ್ನು," ಎಂದಳು. ನಾನು ಕೂರಲಿಲ್ಲ. ಇತಿಹಾಸ ನಿರ್ಮಿಸುವವರು ಬಟಾಣಿಗೆ ಕೂರುವುದಿಲ್ಲ.

"ಹಾರೋದಕ್ಕೆ ಪದವಿ ಯಾಕೆ? ಬಾತುಕೋಳಿಗಳು ಎಲ್ಲಿ ಓದಿವೆ?"

"ದೊಡ್ಡ ಕಂಪನಿಯವರು ನೋಡ್ತಾರೆ ಮಾರ್ಲಿಸ್. ನಮ್ಮ ಕಾಲೇಜಲ್ಲಿ ಎರಡೂ ಒಟ್ಟಿಗೇ ಆಗುತ್ತೆ. ಬೆಳಿಗ್ಗೆ ಪಾಠ, ಮಧ್ಯಾಹ್ನ ವಿಮಾನ. ಮುಗಿಯೋ ಹೊತ್ತಿಗೆ ಒಂದು ಕೈಲಿ ಪದವಿ, ಇನ್ನೊಂದು ಕೈಲಿ ಲೈಸೆನ್ಸು."

"ಎರಡು ಕೈಯೂ ತುಂಬಿದ ಮೇಲೆ ವಿಮಾನ ಯಾವುದರಲ್ಲಿ ಹಿಡೀತೀಯ?"

ಹೀಗೆ ನನ್ನ ಗಗನಯಾತ್ರೆ ಆಶೀರ್ವಾದದೊಂದಿಗೆ ಆರಂಭವಾಯಿತು.

ಉತ್ತರ ಡಕೋಟಾದಲ್ಲಿ ನೆಲಕ್ಕಿಂತ ಆಕಾಶವೇ ಹೆಚ್ಚು. ಊರು ಮುಗಿದಲ್ಲಿ ಕಾಲೇಜು, ಕಾಲೇಜು ಮುಗಿದಲ್ಲಿ ವಿಮಾನದ ಬಯಲು, ಅದು ಮುಗಿದಲ್ಲಿ ಕಣ್ಣಿಗೆ ದಣಿವಾಗುವಷ್ಟು ದೂರ ಬೀಟ್ ಗೆಡ್ಡೆಯ ಹೊಲಗಳು. ಎರಡು ದಶಕ ನಾನು ಆ ಹೊಲಗಳ ನಡುವಿನ ರಸ್ತೆಯಲ್ಲಿ ಹಳದಿ ಬಸ್ಸು ಓಡಿಸಿದೆ. ತಲೆಯ ಮೇಲೆ ಕಾಲೇಜಿನ ಪುಟ್ಟ ವಿಮಾನಗಳು ಗುಂಯ್ ಎನ್ನುತ್ತ ಸುತ್ತುತ್ತಿದ್ದವು. ಮೀಸೆ ಮೂಡದ ಹುಡುಗರು ಮಾಡುವುದನ್ನು ನಾನು ಮಾಡಲಾರೆನೇ?

ಆದರೆ ಕಾಲೇಜು ಎಂಬುದು ಎಂಥ ವಿಚಿತ್ರ ಜಾಗ ಎಂದು ನನಗೆ ಯಾರೂ ಹೇಳಿರಲಿಲ್ಲ. ವಿಮಾನ ಹಾರಿಸಲು ಬಂದವನನ್ನು ಹಿಡಿದು ಮೊದಲು ಭೂವಿಜ್ಞಾನಕ್ಕೆ ಕೂರಿಸಿದರು. ಹಾರುವವನಿಗೆ ಬಂಡೆಗಳ ಗೊಡವೆ ಏಕೆ? ಅದು ಯಾವ ಬಂಡೆ ಎಂದು ಗುರುತಿಸುವಷ್ಟು ಹತ್ತಿರ ಹೋದ ಮೇಲೆ ಗುರುತಿಸಿ ಉಪಯೋಗವೇನು? ಆಮೇಲೆ ಸಂಗೀತದ ರಸಾಸ್ವಾದ. ಎಂಜಿನ್ ನಿಂತಾಗ ಪ್ರಯಾಣಿಕರಿಗೆ ಯಾವ ರಾಗ ಹಾಡಬೇಕೆಂದು ಆ ಪ್ರಾಧ್ಯಾಪಕ ಕೊನೆಗೂ ಹೇಳಲಿಲ್ಲ. ಇವೆಲ್ಲಕ್ಕೂ ಕಳಶವಿಟ್ಟಂತೆ ಭಾಷಣ ಕಲೆ.

ಭಾಷಣ ಕಲಿಸುವಾಕೆ ಪ್ರೊಫೆಸರ್ ಪ್ರಿಬಿಲ್. ಹಿಡಿಯಷ್ಟು ಹೆಂಗಸು. ಮೊಟ್ಟೆ ಬೇಯಿಸುವಾಗ ಹೊತ್ತು ಅಳೆಯಲು ಇಡುವಂಥ ಒಂದು ಗಂಟೆಯನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂರುತ್ತಿದ್ದರು. ಅದು ಹೊಡೆಯುವುದರೊಳಗೆ ಭಾಷಣ ಮುಗಿಯಬೇಕು. ವಿಷಯ: ನಿಮ್ಮ ಕೆಲಸದ ಒಂದು ವಸ್ತು. ನಾನು ಹಳದಿ ಬಸ್ಸನ್ನು ಆರಿಸಿಕೊಂಡು ಚಕ್ರದ ಆವಿಷ್ಕಾರದಿಂದ ಶುರುಮಾಡಿದೆ. ಕುದುರೆಗಾಡಿಗೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು. ನಾನು ನಿಲ್ಲಿಸಲಿಲ್ಲ. ಬಸ್ಸು ಇನ್ನೂ ಬಂದೇ ಇರಲಿಲ್ಲವಲ್ಲ.

"ಮಿಸ್ಟರ್ ವೋಲ್ಡ್," ಎಂದರು ಪ್ರೊಫೆಸರ್, ತರಗತಿ ಖಾಲಿಯಾದ ಮೇಲೆ, "ನಿಮ್ಮಲ್ಲಿ ಮಾತಿಗೆ ಕೊರತೆ ಇಲ್ಲ. ಹೇಳೋದೇನು ಅನ್ನೋದೊಂದೇ ಕೊರತೆ."

"ಮೇಡಂ, ನಾನು ಪೈಲಟ್ ಆಗೋನು. ಪಾದ್ರಿ ಅಲ್ಲ."

"ಗೊತ್ತು. ಪಾದ್ರಿ ಮಾತಾಡ್ತಾ ಇದ್ರೆ ಜನ ನಿದ್ದೆ ಮಾಡ್ತಾರೆ ಅಷ್ಟೆ. ರೇಡಿಯೋದಲ್ಲಿ ನೀವು ಮಾತಾಡ್ತಾ ಇದ್ರೆ ಇನ್ನೊಬ್ಬರು ಇಳಿಯೋಕಾಗಲ್ಲ." ಎಂದು ಫೇಲ್ ಅಂಕ ಹಾಕಿದರು.

ಇದರಲ್ಲಿ ಒಂದು ಕುತ್ತು ಇತ್ತು. ತರಗತಿಯಲ್ಲಿ ಫೇಲಾದವನಿಗೆ ಒಬ್ಬನೇ ಹಾರಲು ವಿಮಾನದ ಕೀಲಿ ಕೊಡುವುದಿಲ್ಲ ಎಂಬುದು ನಮ್ಮ ಕಾಲೇಜಿನ ಕಟ್ಟುನಿಟ್ಟು. ಅವಧಿ ಮುಗಿಯುವುದರೊಳಗೆ ಕೊನೆಯ ಭಾಷಣದಲ್ಲಿ ಗೆಲ್ಲಬೇಕು, ಇಲ್ಲವೇ ನಾನು ಒಬ್ಬನೇ ಹಾರುವ ದಿನ ಬರುವುದೇ ಇಲ್ಲ. ಮತ್ತೆ ಹಳದಿ ಬಸ್ಸು.

ಒಬ್ಬನೇ ಹಾರುವುದೆಂದರೆ ನಮ್ಮಲ್ಲಿ ಸಣ್ಣ ಮಾತಲ್ಲ. ಕಲಿಸಿದವರು ಕೆಳಗಿಳಿದು ನಿಲ್ಲುತ್ತಾರೆ, ಕಲಿತವನು ಮೊದಲ ಬಾರಿ ಒಂಟಿಯಾಗಿ ಮೇಲೇರಿ ಸುತ್ತಿ ಇಳಿಯುತ್ತಾನೆ. ಇಳಿದೊಡನೆ ಅವನ ಅಂಗಿಯ ಹಿಂಭಾಗದ ತುದಿಯನ್ನು, ನಾವು ಬಾಲ ಎನ್ನುತ್ತೇವೆ, ಗುರು ಕತ್ತರಿಸಿ ಹೆಸರು ಬರೆದು ಹಜಾರದ ಗೋಡೆಗೆ ನೇತುಹಾಕುತ್ತಾರೆ. ರೇಡಿಯೋ ಇಲ್ಲದ ಕಾಲದಲ್ಲಿ ಗುರು ಹಿಂದಿನ ಸೀಟಿನಲ್ಲಿ ಕೂತು, ಶಿಷ್ಯ ತಪ್ಪಿದಾಗೆಲ್ಲ ಅವನ ಅಂಗಿಯ ಬಾಲ ಹಿಡಿದು ಎಳೆಯುತ್ತಿದ್ದರಂತೆ. ಒಬ್ಬನೇ ಹಾರಿದವನನ್ನು ಇನ್ನು ಯಾರೂ ಎಳೆಯಬೇಕಾಗಿಲ್ಲ. ಆದ್ದರಿಂದ ಬಾಲ ಬೇಡ.

ಆ ದಿನಕ್ಕೆಂದೇ ಹೆಗಲಿಗೆ ಚಿನ್ನದ ಪಟ್ಟಿಗಳಿರುವ ಬಿಳಿ ಅಂಗಿ ತಂದು ಕಪಾಟಿನಲ್ಲಿ ನೇತುಹಾಕಿದ್ದೆ.

"ಹೊಸ ಅಂಗಿ ಕತ್ತರಿಸೋದಕ್ಕೆ ಇಷ್ಟು ಓದಬೇಕಾ?" ಎಂದಳು ಮಾರ್ಲಿಸ್. "ಕೊಡು ಇಲ್ಲಿ, ಎರಡು ನಿಮಿಷದ ಕೆಲಸ."

ಇನ್ನು ನನ್ನ ಗುರುವಿನ ವಿಷಯ. ನಮ್ಮ ಕಾಲೇಜಿನಲ್ಲಿ ಹಾರಾಟ ಕಲಿಸುವವರು ನರೆತ ಮೀಸೆಯ ವೀರರಲ್ಲ. ನಿನ್ನೆ ಮೊನ್ನೆ ಕಲಿತು ಮುಗಿಸಿದ ಮಕ್ಕಳೇ, ಹಾರಾಟದ ಅನುಭವ ಕೂಡಿಸಿಕೊಳ್ಳಲು, ಇವತ್ತು ಬಂದವರಿಗೆ ಕಲಿಸುತ್ತಾರೆ. ನನ್ನ ಪಾಲಿಗೆ ಬಂದವಳು ಟೀಗನ್. ಯಾವ ಟೀಗನ್? ನನ್ನದೇ ಬಸ್ಸಿನ ಮೂರನೇ ಸಾಲಿನಲ್ಲಿ ಕೂತು, ಮುಂದಿನವನ ಟೋಪಿಗೆ ಬಬಲ್ ಗಮ್ ಅಂಟಿಸುತ್ತಿದ್ದ ಟೀಗನ್. "ಕೂತ್ಕೋ ಟೀಗನ್" ಎಂದು ನಾನು ಕನ್ನಡಿಯಲ್ಲಿ ನೋಡಿ ಗದರಿದಷ್ಟು ಬಾರಿ ಅವಳಪ್ಪನೂ ಗದರಿರಲಾರ.

"ಕೂತ್ಕೊಳ್ಳಿ ಮಿಸ್ಟರ್ ವೋಲ್ಡ್," ಎಂದಳು ಮೊದಲ ದಿನ. "ಬೆಲ್ಟ್."

"ಹಾಕ್ಕೊಂಡಾಯ್ತಮ್ಮ."

"ಅದು ನನ್ನ ಬೆಲ್ಟು."

ಏರುವುದು ನನಗೆ ಸಲೀಸಾಗಿ ಬಂತು. ಅದರಲ್ಲಿ ಹೆಚ್ಚುಗಾರಿಕೆ ಇಲ್ಲ, ಎಂಜಿನ್ನೇ ಎಳೆದುಕೊಂಡು ಹೋಗುತ್ತದೆ. ತಿರುಗುವುದೂ ಬಂತು. ಬಾರದಿದ್ದದ್ದು ಇಳಿಯುವುದು. ನಾನು ಇಳಿಸಿದೆನೆಂದರೆ ವಿಮಾನ ನೆಲ ಮುಟ್ಟಿ, ಬಿಸಿ ಬಾಣಲೆ ಮುಟ್ಟಿದಂತೆ ಮೇಲೆ ಹಾರಿ, ಮತ್ತೆ ಮುಟ್ಟಿ, ಮತ್ತೆ ಹಾರುತ್ತಿತ್ತು.

"ಇದರಲ್ಲಿ ಯಾವುದನ್ನ ಲೆಕ್ಕಕ್ಕೆ ತಗೊಳ್ಳಲಿ?" ಎಂದು ಟೀಗನ್ ಕೇಳುತ್ತಿದ್ದಳು.

"ಕೊನೇದನ್ನ."

"ಎಲ್ಲಾ ಸರಿಯಾಗಿ ಮಾಡ್ತೀರಿ. ಕೊನೇ ಗಳಿಗೇಲಿ ಏನಾಗುತ್ತೆ ನಿಮಗೆ?"

"ಗಾಳಿ."

"ಗಾಳಿ ಇಲ್ಲ ಇವತ್ತು. ಬಾವುಟ ನೋಡಿ, ಸತ್ತಂಗಿದೆ."

"ಹಾಗಾದ್ರೆ ರನ್‌ವೇ ಡೊಂಕು."

ಕುಣಿಯಲಾರದವರಿಗೆ ನೆಲ ಡೊಂಕು ಎಂಬ ಮಾತು ಇರುವುದೇ ಇಂಥ ಸಂದರ್ಭಕ್ಕೆ. ಏನಾಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅವಳಿಗೆ ತಿಳಿಯಬಾರದೆಂದೇ ನಾನು ಅಂಗೈ ಅಗಲದ ಕಪ್ಪು ಕನ್ನಡಕ ಹಾಕಿಕೊಂಡು ಹಾರುತ್ತಿದ್ದದ್ದು. ಆ ಗುಟ್ಟು ಈಗಲೇ ಹೇಳುವುದಿಲ್ಲ. ಅದನ್ನು ನಾನು ಎಷ್ಟು ಗುಟ್ಟಾಗಿ ಬಿಟ್ಟುಕೊಟ್ಟೆ ಎಂಬುದೇ ಈ ಕಥೆ.

"ಮನೇಲಿ ಕುರ್ಚಿ ಮೇಲೆ ಕೂತು ಹಾರಿಸಿ ನೋಡಿ," ಎಂದಳು ಟೀಗನ್. "ಇಳಿಯೋದನ್ನ ಮೊದಲಿಂದ ಕೊನೇವರೆಗೆ, ಬಾಯಲ್ಲಿ ಹೇಳ್ಕೊಂಡು, ಕೈಕಾಲು ಆಡಿಸ್ಕೊಂಡು. ನಾವೆಲ್ಲ ಹಾಗೇ ಕಲಿತಿದ್ದು."

ಇದು ಅವಳ ಹುಡುಗಾಟವಲ್ಲ, ನಮ್ಮ ವಿದ್ಯೆಯ ರೂಢಿ. ಕಾಲೇಜಿನ ಹಾಸ್ಟೆಲ್‌ನಲ್ಲಿ ಯಾವ ಬಾಗಿಲು ತೆರೆದರೂ ಒಬ್ಬ ಕುರ್ಚಿಯ ಮೇಲೆ ಕೂತು ಗೋಡೆಗೆ ಅಂಟಿಸಿದ ವಿಮಾನದ ಚಿತ್ರ ನೋಡುತ್ತ ತನ್ನಷ್ಟಕ್ಕೆ ಗೊಣಗುತ್ತಿರುತ್ತಾನೆ. ಆ ಎಳೆಯರು ಬರೀ ಕುರ್ಚಿಯಲ್ಲಿ ತೃಪ್ತರು. ನಾನು ಅಡುಗೆಮನೆಯಲ್ಲಿ ವಿಮಾನವನ್ನೇ ಕಟ್ಟಿದೆ.

ಶನಿವಾರ ಮಧ್ಯಾಹ್ನ. ಮುಂದಿನ ಕೋಣೆಯಲ್ಲಿ ಮಾರ್ಲಿಸ್ ಯಾರದೋ ಕೂದಲಿಗೆ ಬಣ್ಣ ಹಚ್ಚುತ್ತಿದ್ದಳು. ಕಾಲೇಜಿನಲ್ಲಿ ಅಂದು ಮುಂದಿನ ವರ್ಷ ಸೇರಲಿರುವ ಮಕ್ಕಳಿಗೂ ಅವರ ಅಪ್ಪ ಅಮ್ಮಂದಿರಿಗೂ ಎಲ್ಲವನ್ನೂ ತೋರಿಸುವ ದಿನ. ನನ್ನನ್ನೂ ಕರೆದಿದ್ದರು, ಕಾರುಗಳನ್ನು ಸಾಲಾಗಿ ನಿಲ್ಲಿಸಲು. ಭಾವೀ ಕ್ಯಾಪ್ಟನ್ ಮಾಡುವ ಕೆಲಸವೇ ಅದು? ನಾನು ಹೋಗಲಿಲ್ಲ.

ಕಪಾಟಿನ ಬಾಗಿಲಿಗೆ ಪೈಲಟ್ ಎದುರಿನ ಮುಳ್ಳು, ಗುಂಡಿಗಳ ಫಲಕದ ಚಿತ್ರ ಅಂಟಿಸಿದೆ. ಅದರೆದುರು ಕುರ್ಚಿ. ಹಿಡಿದು ತಿರುಗಿಸಲು ದೊಡ್ಡ ಪಾತ್ರೆಯ ಮುಚ್ಚಳ. ಎಂಜಿನ್ ಏರಿಸಿ ಇಳಿಸುವ ಹಿಡಿಗೆ ಮರದ ಸೌಟು. ಕಾಲಿಗೆ ಪೆಡಲ್ ಬೇಕಲ್ಲ, ಎರಡು ಆಲೂಗಡ್ಡೆ ಚೀಲ. ಚಿನ್ನದ ಪಟ್ಟಿಯ ಅಂಗಿ ತೊಟ್ಟೆ. ಕಪ್ಪು ಕನ್ನಡಕ ಏರಿಸಿದೆ. ಕೊನೆಯದಾಗಿ ರೇಡಿಯೋ. ಅದು ಮಾತ್ರ ನಿಜವಾದದ್ದು. ಕಂಟ್ರೋಲ್ ಟವರಿನವರೂ ಪೈಲಟ್‌ಗಳೂ ಆಡುವ ಮಾತನ್ನು ಕೇಳಿ ಕಲಿಯಲೆಂದು ಒಬ್ಬ ಸಹಪಾಠಿಯಿಂದ ಕೊಂಡ ಕೈ ರೇಡಿಯೋ. ಕೇಳಲು ಮಾತ್ರ, ಮನೆಯಿಂದ ಮಾತಾಡುವುದು ನಿಷಿದ್ಧ. ಅದು ನನಗೆ ಗೊತ್ತಿಲ್ಲವೇ? ಅದರ ಪಕ್ಕದ ಗುಂಡಿಯನ್ನು ಒತ್ತದಿದ್ದರೆ ಆಯಿತು.

ರೇಡಿಯೋ ಜಾರದಂತೆ ಮುಚ್ಚಳದ ಹಿಡಿಗೆ ಕಟ್ಟಬೇಕಿತ್ತು. ಮಾರ್ಲಿಸ್‌ಳ ಅಂಗಡಿಯಿಂದ ಕೂದಲು ಕಟ್ಟುವ ನೇರಳೆ ಬಣ್ಣದ ಎಲಾಸ್ಟಿಕ್ ಪಟ್ಟಿ ತಂದು ಎರಡು ಸುತ್ತು ಬಿಗಿದೆ. ಆ ಪಟ್ಟಿ ನೇರವಾಗಿ ಆ ಗುಂಡಿಯ ಮೇಲೆಯೇ ಕೂತಿತು.

ಓದುಗರೇ, ಈ ಯಂತ್ರದ ಒಂದು ಗುಣ ತಿಳಿದಿರಿ. ಗುಂಡಿ ಒತ್ತಿರುವವರೆಗೆ ನಿಮ್ಮ ಮಾತು ಊರಿಗೆಲ್ಲ ಕೇಳುತ್ತದೆ. ಊರಿನ ಮಾತು ನಿಮಗೆ ಕೇಳುವುದಿಲ್ಲ. ನೀವು ಬಿಡುವವರೆಗೆ ಬೇರೆ ಯಾರ ಮಾತೂ ನಡೆಯುವುದಿಲ್ಲ. ಇಷ್ಟು ಹೊತ್ತು ಗಿಜಿಗುಟ್ಟುತ್ತಿದ್ದ ರೇಡಿಯೋ ಥಟ್ಟನೆ ಮೌನವಾಯಿತು. ನಾನು ಅದನ್ನು ಗೌರವ ಎಂದುಕೊಂಡೆ.

"ಮಹನೀಯರೇ, ಮಹಿಳೆಯರೇ," ಎಂದೆ ಗಂಭೀರ ಕಂಠದಲ್ಲಿ, "ನಿಮ್ಮ ಕ್ಯಾಪ್ಟನ್ ಆರ್ಲನ್ ವೋಲ್ಡ್ ಮಾತಾಡುತ್ತಿದ್ದೇನೆ. ಕೆಳಗೆ ಬಲಗಡೆ ಕಾಣುತ್ತಿರುವ ಇಟ್ಟಿಗೆಯ ಗೂಡು ನಾನು ಓದಿದ ಕಾಲೇಜು. ಹಾರಲು ಬಂದವನಿಗೆ ಅಲ್ಲಿ ಕಲ್ಲುಗಳ ಹೆಸರು ಬಾಯಿಪಾಠ ಮಾಡಿಸಿದರು. ಪ್ರಿಬಿಲ್ ಎಂಬ ಹೆಂಗಸು ಮೊಟ್ಟೆ ಬೇಯಿಸುವ ಗಂಟೆ ಇಟ್ಟು ನನ್ನ ಪ್ರತಿಭೆಯನ್ನು ಅರ್ಧಂಬರ್ಧ ಬೇಯಿಸಿದಳು. ಮೂಗು ಒರೆಸಿಕೊಳ್ಳಲು ಬಾರದ ಟೀಗನ್ ನನಗೆ ಗುರು. ಆಕೆಯ ಬಬಲ್ ಗಮ್ಮನ್ನು ನನ್ನ ಬಸ್ಸಿನ ಸೀಟಿನಿಂದ ಚಾಕುವಿನಲ್ಲಿ ಕೆರೆದವನು ನಾನು. ಈಗ ಇಳಿಯುತ್ತಿದ್ದೇವೆ. ಗಾಬರಿಯಾಗಬೇಡಿ."

ಆ ಹೊತ್ತಿಗೆ ಮಾರ್ಲಿಸ್ ಒಳಗೆ ಬಂದಳು.

"ಎಡಗಾಲು ಎತ್ತು."

"ಈಗಾಗಲ್ಲ. ನಾನು ಇಳೀತಾ ಇದೀನಿ."

"ಇಳಿ, ಬೇಡ ಅಂದೋರ್ಯಾರು? ಎಡಗಾಲು ಎತ್ಕೊಂಡು ಇಳಿ. ರಾತ್ರಿ ಊಟದ ಹಾಟ್‌ಡಿಶ್ ಬೇಯಿಸೋಕೆ ಆಲೂಗಡ್ಡೆ ಬೇಕು."

"ಮಾರ್ಲಿಸ್, ಎಡ ಪೆಡಲ್ ತೆಗೆದ್ರೆ ವಿಮಾನ ಬಲಕ್ಕೆ ಹೊರಳುತ್ತೆ."

"ಹೊರಳಲಿ. ಬಲಕ್ಕೆ ಒಲೆ ಇದೆ, ಹಾಗೇ ಹೊತ್ತಿಸಿಬಿಡು." ಅವಳು ಬಗ್ಗಿ ಚೀಲ ಎಳೆದಳು. ನನ್ನ ಕಾಲು ಮೇಲೆ ಹೋಯಿತು, ಸೌಟು ಕೆಳಗೆ ಬಿತ್ತು. "ಏನಿದು ವೇಷ? ಇಸ್ತ್ರಿ ಮಾಡಿಟ್ಟ ಅಂಗಿ ಹಾಕ್ಕೊಂಡು ಹಂದಿಮಾಂಸ ಬೇಯೋ ಕಡೆ ಕೂತಿದೀಯಲ್ಲ. ಅಡುಗೆಮನೇಲಿ ಕಪ್ಪು ಕನ್ನಡಕ ಬೇರೆ. ಬಿಸಿಲು ಎಲ್ಲಿಂದ ಹೊಡೀತಿದೆ, ಫ್ರಿಜ್ಜಿನೊಳಗಿಂದಲೋ?"

"ನಿನಗಿದು ಅರ್ಥವಾಗಲ್ಲ."

"ಸೂಪರ್‌ಮಾರ್ಕೆಟ್ಟಿನ ಮುಂದೆ ನಿಲ್ಲಿಸಿದ ನಮ್ಮ ಕಾರು ಸಿಗದೆ ಬೇರೆಯವರ ಕಾರಿಗೆ ದಿನಸಿ ತುಂಬಿದೋನು ನೀನು. ಮೋಡದಲ್ಲಿ ಊರು ಹುಡುಕ್ತೀಯ?"

ನಾನು ಮುಚ್ಚಳವನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತೆ. ಎಡಗಾಲಿನ ಕೆಳಗೆ ಈಗ ಏನೂ ಇರಲಿಲ್ಲ. ಕಿಟಕಿಯಾಚೆ ಒಂದು ಪುಟ್ಟ ವಿಮಾನ ಊರನ್ನು ಸುತ್ತುತ್ತಿತ್ತು, ಅದರ ಹಿಂದೆ ಇನ್ನೊಂದು, ಮತ್ತೊಂದು. ಯಾಕೋ ಇವತ್ತು ಯಾರೂ ಇಳಿಯುತ್ತಲೇ ಇಲ್ಲವಲ್ಲ ಎಂದುಕೊಂಡೆ. ಮಾರ್ಲಿಸ್ ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

"ಏನಾಯ್ತು ನಿನಗೆ?"

"ಒಂದು ಮಾತು ಹೇಳ್ತೀನಿ. ಯಾರಿಗೂ ಹೇಳಬೇಡ."

"ನಾನ್ಯಾರಿಗೆ ಹೇಳ್ಲಿ?"

"ನೆಲ ಹತ್ತಿರ ಬಂದಾಗ ನಾನು ಕಣ್ಣು ಮುಚ್ಕೊಂಡುಬಿಡ್ತೀನಿ."

ಅವಳ ಕೈಯಲ್ಲಿದ್ದ ಆಲೂಗಡ್ಡೆ ಅರ್ಧ ಸುಲಿದಂತೆಯೇ ಉಳಿಯಿತು.

"ಟೀಗನ್‌ಗೆ ಗೊತ್ತಾ?"

"ಕನ್ನಡಕ ಇದೆಯಲ್ಲ."

"ಯಾಕೆ ಮುಚ್ಕೊಳ್ತೀಯ?"

"ಭಯ, ಮಾರ್ಲಿಸ್. ಬಸ್ಸಲ್ಲಿ ಹಿಂದೆ ಮಕ್ಕಳು ಗಲಾಟೆ ಮಾಡ್ತಾ ಇರೋರು. ಏನೇ ಆದ್ರೂ ಜೊತೆಗೆ ಜನ ಇದ್ದಾರೆ ಅನ್ನಿಸೋದು. ಇಲ್ಲಿ ಇಳಿಯೋ ಮುಂಚೆ ಎಂಜಿನ್ ಸದ್ದು ಇಳಿಸ್ತೀವಿ ನೋಡು, ಎಲ್ಲಾ ಸುಮ್ಮನಾಗಿಬಿಡುತ್ತೆ. ನಾನು ಮತ್ತೆ ನೆಲ ಇಬ್ಬರೇ. ಅದಕ್ಕೇ ಬಾಯಿಗೆ ಬಂದದ್ದೆಲ್ಲ ಮಾತಾಡ್ತಾ ಇಳೀತೀನಿ. ಕೊನೇಗೆ ಮಾತೂ ಸಾಲಲ್ಲ, ಕಣ್ಣು ಮುಚ್ಚಿಹೋಗುತ್ತೆ."

ಅವಳು ಕೈ ಒರೆಸಿಕೊಂಡು ಬಂದು ನನ್ನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಗದರಲಿಲ್ಲ. ಇಷ್ಟು ಮೆತ್ತಗೆ ಅವಳು ಮಾತಾಡಿದ್ದು ಮದುವೆಯ ಮೊದಲ ವರ್ಷದಲ್ಲಿ.

"ಆರ್ಲನ್, ಮುಚ್ಚಬೇಕಾದ್ದನ್ನ ಬಿಟ್ಟು ಬೇರೇದನ್ನ ಮುಚ್ತಿದೀಯ. ಕಣ್ಣು ತೆಗಿ, ಬಾಯಿ ಮುಚ್ಚು."

ಫೋನ್ ರಿಂಗಾಯಿತು. ಮಾರ್ಲಿಸ್ ಎತ್ತಿಕೊಂಡಳು. "ಹೌದು," ಎಂದಳು. "ಇಲ್ಲೇ ಇದ್ದಾನೆ," ಎಂದಳು. ಆಮೇಲೆ ಬಹಳ ಹೊತ್ತು ಕೇಳಿಸಿಕೊಂಡಳು. ಅವಳ ಕಿವಿ ನಿಧಾನವಾಗಿ ಬೀಟ್ ಗೆಡ್ಡೆಯ ಬಣ್ಣಕ್ಕೆ ತಿರುಗಿತು. "ಎಲ್ಲಾನೂ?" ಎಂದು ಕೇಳಿದಳು. "ಸೂಪರ್‌ಮಾರ್ಕೆಟ್ ಕೂಡ?"

ಫೋನ್ ಇಟ್ಟು ನೇರವಾಗಿ ನನ್ನ ಬಳಿ ಬಂದು, ಮುಚ್ಚಳದ ಹಿಡಿಯಿಂದ ನೇರಳೆ ಪಟ್ಟಿಯನ್ನು ಎಳೆದಳು.

ರೇಡಿಯೋ ಜೀವ ಬಂದಂತೆ ಕಿರುಚಿತು. "ಅಡುಗೆಮನೆ, ಅಡುಗೆಮನೆ, ಟವರ್ ಮಾತಾಡ್ತಾ ಇದೀನಿ. ಈಗ ಕೇಳಿಸ್ತಿದೆಯಾ?"

ಮಾರ್ಲಿಸ್ ಆ ಪಟ್ಟಿಯನ್ನು ತನ್ನ ಕೂದಲಿಗೇ ಬಿಗಿದುಕೊಂಡಳು.

"ದೇವರ ದಯೆ, ಗುಂಡಿ ಬಿಟ್ಟರು," ಎಂದಿತು ಟವರು. "ಎಲ್ಲಾ ವಿಮಾನಗಳಿಗೂ, ಈಗ ಇಳಿಯಬಹುದು. ಕಣ್ಣು ತೆರೆದುಕೊಂಡು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ಮಾತು ಮನೆಯ ಹೊಸ್ತಿಲು ದಾಟಿ, ಕಾಲೇಜಿನ ಮೇಲೆ ಸುತ್ತುತ್ತಿದ್ದ ವಿಮಾನಗಳಿಗೆಲ್ಲ ಹೋಗಿತ್ತು. ಅಷ್ಟೇ ಆಗಿದ್ದರೆ ಉಳಿದುಕೊಳ್ಳುತ್ತಿದ್ದೆ. ಬಂದ ಅಪ್ಪ ಅಮ್ಮಂದಿರಿಗೆ ಮಕ್ಕಳ ಮುಂದಿನ ಬದುಕಿನ ರುಚಿ ತೋರಿಸಲೆಂದು ಕಾಲೇಜಿನವರು ಅಂದು ಬಯಲಿನಲ್ಲಿ ದೊಡ್ಡ ಸ್ಪೀಕರ್ ಇಟ್ಟು ಟವರಿನ ಮಾತುಕತೆಯನ್ನು ಜೋರಾಗಿ ಕೇಳಿಸುತ್ತಿದ್ದರು. ಟವರಿನವರು ಮಾತು ನಡೆಯದೆ, ಹಸಿರು ಕೆಂಪು ದೀಪ ತೋರಿಸಿ ಒಂದೊಂದಾಗಿ ವಿಮಾನ ಇಳಿಸಿಕೊಳ್ಳಲು ಪರದಾಡುತ್ತಿದ್ದರೆ, ಕೆಳಗೆ ನಿಂತ ಜನ ಕಾಫಿ ಕುಡಿಯುತ್ತ ನಮ್ಮ ಸಂಸಾರ ಕೇಳುತ್ತಿದ್ದರು. ಬಹಳ ಮಂದಿ ಅದನ್ನು ಕಾಲೇಜಿನವರು ಏರ್ಪಡಿಸಿದ ನಾಟಕ ಎಂದೇ ತಿಳಿದರಂತೆ. ಭಾಷಣ ಕಲೆಯ ಮೇಜಿನ ಹಿಂದೆ ಪ್ರೊಫೆಸರ್ ಪ್ರಿಬಿಲ್ ಕೂತಿದ್ದರು. ಸ್ಪೀಕರಿನ ಕೆಳಗೇ ಟೀಗನ್ ನಿಂತಿದ್ದಳು. ಫೋನ್ ಮಾಡಿದವಳೂ ಅವಳೇ.

ಸೋಮವಾರ ವಿಭಾಗದ ಮುಖ್ಯಸ್ಥರು ನನ್ನ ರೇಡಿಯೋ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದರು. ನನ್ನ ಹಾರಾಟ ನಿಲ್ಲಿಸಿ ನೆಲಕ್ಕೆ ಕಟ್ಟಿದರು: ಭಾಷಣದಲ್ಲಿ ಪಾಸಾಗಬೇಕು, ಆಮೇಲೆ ಟೀಗನ್ ಒಪ್ಪಬೇಕು, ಆಮೇಲಷ್ಟೇ ಕೀಲಿ. ಹಜಾರದಲ್ಲಿ ಟೀಗನ್ ಎದುರಾದಳು. ನಾನು ಗೋಡೆಯ ಮೇಲಿನ ಬಾಲಗಳನ್ನು ನೋಡತೊಡಗಿದೆ.

"ಮೂಗು ಒರೆಸ್ಕೊಂಡಿದೀನಿ ಮಿಸ್ಟರ್ ವೋಲ್ಡ್," ಎಂದಳು. "ಈಗ ಮಾತಾಡಬಹುದಾ?"

"ತಪ್ಪಾಯ್ತಮ್ಮ. ಬಾಯಿತಪ್ಪಿ..."

"ಬಬಲ್ ಗಮ್ ನಿಜ. ಅದು ಬಿಡಿ. ಕಣ್ಣು ಮುಚ್ಕೊಳ್ತೀನಿ ಅಂತ ನನಗೆ ಹೇಳಿದ್ದಿದ್ರೆ ಯಾವತ್ತೋ ಸರಿ ಮಾಡ್ತಿದ್ವಿ. ಗಾಳಿ ಅಂದ್ರಿ, ರನ್‌ವೇ ಅಂದ್ರಿ. ನಾನು ಹೋಗಿ ಟೈರು ಬದಲಾಯಿಸೋಕೆ ಹೇಳಿಬಂದೆ." ಎಂದು ಕೈ ಚಾಚಿದಳು. "ಕನ್ನಡಕ."

ಕೊಟ್ಟೆ. ಹಿಂದೆ ಅವಳ ಬಬಲ್ ಗಮ್ ಪೊಟ್ಟಣವನ್ನು ನಾನು ಹೀಗೆಯೇ ಕೈ ಚಾಚಿ ಕಸಿದುಕೊಂಡಿದ್ದೆ.

ಕೊನೆಯ ಭಾಷಣಕ್ಕೆ ಪ್ರೊಫೆಸರ್ ಪ್ರಿಬಿಲ್ ನನಗೆ ಬೇರೆಯೇ ವಿಷಯ ಕೊಟ್ಟರು: ಕ್ಷಮಾಪಣೆ. ನಾನು ಮೂರು ದಿನ ಕೂತು, ಮಾನವನ ಮೊದಲ ತಪ್ಪಿನಿಂದ ಆರಂಭಿಸಿ, ಘನವಾದ ಒಂದು ಪ್ರಬಂಧ ಬರೆದೆ. ಸ್ವರ್ಗದ ತೋಟ, ಸರ್ಪ, ಸೇಬು ಎಲ್ಲವೂ ಇತ್ತು. ಓದಿ ತೋರಿಸಲು ಹೋದರೆ ಮಾರ್ಲಿಸ್ ಹೇರ್ ಡ್ರೈಯರ್ ಹಾಕಿಕೊಂಡಳು.

ಆ ದಿನ ತರಗತಿ ತುಂಬಿತ್ತು. ಬೇರೆ ತರಗತಿಯವರೂ ಬಂದು ಗೋಡೆಗೆ ಒರಗಿದ್ದರು. ಟವರಿನಿಂದ ಒಬ್ಬ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದ. ಪ್ರೊಫೆಸರ್ ಗಂಟೆ ತಿರುಗಿಸಿ ಇಟ್ಟರು. ಅದು ಟಿಕ್ ಟಿಕ್ ಎನ್ನತೊಡಗಿತು. ನಾನು ಬಾಯಿ ತೆರೆದೆ. ಎಲ್ಲರೂ ಒಮ್ಮೆಗೇ ಸುಮ್ಮನಾದರು, ಇಳಿಯುವ ಮುನ್ನ ಎಂಜಿನ್ ಸುಮ್ಮನಾಗುವ ಹಾಗೆ. ಅಭ್ಯಾಸಬಲ, ಕಣ್ಣು ಮುಚ್ಚಲು ಹೊರಟಿತು. ತೆರೆದೆ. ಸರ್ಪವೂ ಸೇಬೂ ಎಲ್ಲಿ ಹೋದವೋ ಕಾಣೆ.

"ಶನಿವಾರ ನಿಮ್ಮೆಲ್ಲರ ಬಾಯಿ ಕಟ್ಟಿದ್ದು ನಾನು," ಎಂದೆ. "ಮೇಲಿದ್ದವರಿಗೆ ಅಪಾಯ ಆಗಬಹುದಿತ್ತು. ನನಗೆ ಇಳಿಯೋದಕ್ಕೆ ಭಯ, ಅದನ್ನ ಹೇಳೋದಕ್ಕೆ ನಾಚಿಕೆ. ನನಗೆ ಕಲಿಸೋರನ್ನ ಹೀಯಾಳಿಸಿದೆ. ಕ್ಷಮಿಸಿ."

ಕೂತೆ. ಗಂಟೆ ಇನ್ನೂ ಟಿಕ್ ಟಿಕ್ ಎನ್ನುತ್ತಲೇ ಇತ್ತು. ಅದು ಹೊಡೆಯುವವರೆಗೆ ಯಾರೂ ಅಲುಗಾಡಲಿಲ್ಲ.

"ಪಾಸು," ಎಂದರು ಪ್ರೊಫೆಸರ್, ತರಗತಿ ಖಾಲಿಯಾದ ಮೇಲೆ. "ಜಸ್ಟ್ ಪಾಸು. ಅಂದಹಾಗೆ ಶನಿವಾರದ ಸಂಭಾಷಣೆಗೂ ಅಂಕ ಹಾಕಿದ್ದೇನೆ. ನಿಮಗಲ್ಲ, ನಿಮ್ಮ ಹೆಂಡತಿಗೆ."

"ಅವಳು ಕಾಲೇಜಿಗೆ ಸೇರೇ ಇಲ್ಲ ಮೇಡಂ."

"ಅದೇ ನಮ್ಮ ಕಾಲೇಜಿನ ದುರದೃಷ್ಟ. ನಾಲ್ಕೇ ಪದದಲ್ಲಿ ಎಲ್ಲಾ ಹೇಳಿದ ವಿದ್ಯಾರ್ಥಿ ನನಗೆ ಇನ್ನೂ ಸಿಕ್ಕಿಲ್ಲ. ಈಗ ಅದನ್ನ ಕರಿಹಲಗೆ ಮೇಲೆ ಬರೆದು ಪಾಠ ಮಾಡ್ತಾ ಇದ್ದೀನಿ."

ಮುಂದಿನ ಬುಧವಾರ ಗಾಳಿ ನಿಂತಿತ್ತು. ಟೀಗನ್ ನನ್ನೊಡನೆ ಒಂದು ಸುತ್ತು ಬಂದಳು, ಎರಡು ಸುತ್ತು ಬಂದಳು. ಇಡೀ ಹೊತ್ತು ರನ್‌ವೇಯನ್ನಲ್ಲ, ನನ್ನ ರೆಪ್ಪೆಗಳನ್ನೇ ನೋಡುತ್ತಿದ್ದಳು. ಆಮೇಲೆ ಬಾಗಿಲು ತೆರೆದು ಕೆಳಗಿಳಿದಳು.

"ಹೋಗಿ ಬನ್ನಿ ಮಿಸ್ಟರ್ ವೋಲ್ಡ್. ಮಿಸೆಸ್ ವೋಲ್ಡ್ ಹೇಳಿದ ಹಾಗೆ."

"ಆಯ್ತು, ನೀವು ಹೇಳಿದ ಹಾಗೇ," ಎಂದೆ. ಅಷ್ಟು ದಿನ 'ನೀನು' ಎನ್ನುತ್ತಿದ್ದ ಬಾಯಿಗೆ ಆ 'ನೀವು' ಹೇಗೆ ಬಂತೋ.

ಅವಳಿಲ್ಲದೆ ವಿಮಾನ ಹಗುರವಾಗಿ, ಕೇಳುವ ಮೊದಲೇ ಮೇಲೆದ್ದಿತು. ಸುತ್ತಿ ಬಂದು ಎಂಜಿನ್ ಸದ್ದು ಇಳಿಸಿದೆ. ಬಂತು ಆ ಮೌನ. ಬಾಯಿ ಮುಚ್ಚಿದೆ, ಕಣ್ಣು ತೆರೆದೇ ಇಟ್ಟೆ. ಇಷ್ಟು ದಿನ ನಾನು ನೋಡದೆ ಬಿಟ್ಟದ್ದೆಲ್ಲ ಅಲ್ಲಿತ್ತು: ಡಾಂಬರಿನ ಮೇಲೆ ನನ್ನಂಥವರು ಎಳೆದ ಟೈರಿನ ಕಪ್ಪು ಗೆರೆಗಳು, ಅಂಚಿನ ಒಣ ಹುಲ್ಲು, ಹುಲ್ಲಿನಲ್ಲಿ ಕಿವಿ ನೆಟ್ಟಗೆ ಮಾಡಿ ನನ್ನನ್ನೇ ನೋಡುತ್ತಿದ್ದ ಒಂದು ಮೊಲ. ನೆಲ ನನ್ನ ಮೇಲೆ ಬೀಳಲು ಬರುತ್ತಿರಲಿಲ್ಲ. ಸುಮ್ಮನೆ ಮಲಗಿತ್ತು. ಚಕ್ರ ಮುಟ್ಟಿದ್ದು ನನಗೆ ತಿಳಿಯಲೇ ಇಲ್ಲ. ಮೊಲಕ್ಕೂ ತಿಳಿಯಲಿಲ್ಲವೆಂದು ಕಾಣುತ್ತದೆ, ಮೆಲ್ಲುವುದನ್ನು ಮುಂದುವರಿಸಿತು.

ಕೆಳಗೆ ಜನ ಕೂಡಿತ್ತು. ಪ್ರೊಫೆಸರ್ ಪ್ರಿಬಿಲ್ ಕೂಡ ಬಂದಿದ್ದರು. ಟೀಗನ್ ಫೋನ್ ಮಾಡಿ ಕರೆಸಿದ್ದಳೆಂದು ಕಾಣುತ್ತದೆ, ಮಾರ್ಲಿಸ್ ಅಂಗಡಿಯ ನಿಲುವಂಗಿಯಲ್ಲೇ ಬಂದು ನಿಂತಿದ್ದಳು. ಕೈಯಲ್ಲಿ ಅವಳ ಒಳ್ಳೆಯ ಕತ್ತರಿ.

"ನೀವೇ ಕತ್ತರಿಸಿ ಮಿಸೆಸ್ ವೋಲ್ಡ್," ಎಂದಳು ಟೀಗನ್. "ಕಲಿಸಿದ್ದು ನೀವಲ್ವಾ."

ಮಾರ್ಲಿಸ್ ನನ್ನ ಹಿಂದೆ ಬಂದು ಬಿಳಿ ಅಂಗಿಯ ಬಾಲವನ್ನು ಪ್ಯಾಂಟಿನಿಂದ ಹೊರಗೆಳೆದು ಬೆರಳುಗಳ ನಡುವೆ ನೀವಿದಳು. ನಾನು ಎದೆ ಉಬ್ಬಿಸಿ ಜನರನ್ನು ನೋಡಿದೆ. ಎಲ್ಲ ಮುಖಗಳೂ ನನ್ನ ಕಡೆಗೇ. ಇಂಥ ಗಳಿಗೆ ಬದುಕಿನಲ್ಲಿ ಎಷ್ಟು ಸಲ ಬರುತ್ತದೆ? ಎರಡು ಮಾತು ಆಡದಿದ್ದರೆ ಸಭೆಗೆ ಅವಮಾನವಲ್ಲವೇ?

"ಮಹನೀಯರೇ, ಮಹಿಳೆಯರೇ," ಎಂದೆ. "ಆದಿಯಲ್ಲಿ ಮನುಷ್ಯ ಹಕ್ಕಿಯನ್ನು ನೋಡಿದಾಗ..."

ಹಿಂದಿನಿಂದ ಅಂಗಿ ಜಗ್ಗಿತು, ಬಲವಾಗಿ. ನಾನು ಒಂದು ಹೆಜ್ಜೆ ಹಿಂದಕ್ಕೆ ಬಂದೆ. ಬಾಯಿ ತಾನಾಗಿ ಮುಚ್ಚಿತು.

"ಟೀಗನ್," ಎಂದಳು ಮಾರ್ಲಿಸ್, ಕತ್ತರಿಯನ್ನು ಜೇಬಿಗೆ ಹಾಕಿಕೊಂಡು, ಕೂದಲಿನಿಂದ ನೇರಳೆ ಪಟ್ಟಿ ಬಿಚ್ಚುತ್ತ, "ಗೋಡೆಗೆ ಏನಾದ್ರೂ ನೇತುಹಾಕಲೇಬೇಕು ಅಂದ್ರೆ ಇದನ್ನ ಹಾಕಿಕೊಳ್ಳಮ್ಮ. ಬಾಲ ನಿಮಗೆ ಬೇಡವಾಗಿರಬಹುದು. ನನಗೆ ಇನ್ನೂ ಬೇಕು."